ಹುಣಸೆಮರದ ಹಲಗೆ

ಯುದ್ಧದ ಕಾಲದಲ್ಲಿ ಮದ್ದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜಿಯಿದ್ದಳು. ಅವಳ ಹಿತ್ತಲ ಹುಣಸೆಮರದಲ್ಲಿ ಪ್ರತಿವರ್ಷ ಹೆಜ್ಜಾರ್ಲೆ ಹಕ್ಕಿಗಳು ಗೂಡು ಕಟ್ಟುತ್ತಿದ್ದವು. ಮರಿ ಹಾರುವವರೆಗೆ ಅವಳು ಹಣ್ಣು ಉದುರಿಸಲು ಯಾರನ್ನೂ ಬಿಡುತ್ತಿರಲಿಲ್ಲ. ಹಿತ್ತಲಿಗೆ ಯಾರೇ ಬಂದರೂ ತುಟಿಯ ಮೇಲೆ ಬೆರಳಿಟ್ಟು, "ಮೇಲೆ ಬಾಣಂತೀರು ಅವ್ರೆ, ಮೆಲ್ಲುಗ್ ಮಾತಾಡಪ್ಪ" ಎನ್ನುತ್ತಿದ್ದಳು.

ಆ ಹಕ್ಕಿಗಳು ಕಡಿಮೆಯಾಗುತ್ತಿವೆ, ಏನಾದರೂ ಮಾಡಿ ಎಂದು ಸರ್ಕಾರ ನನ್ನನ್ನು ಕಳಿಸಿತ್ತು. ಹೊಸ ನೌಕರಿ, ಹೊಸ ಕೋಟು. "ಬೇಟೆ ನಿಷೇಧ" ಎಂದು ಬರೆಸಿದ ಹಲಗೆಯೊಂದನ್ನು ನಾನೇ ಆ ಮರಕ್ಕೆ ಮೊಳೆ ಹೊಡೆದು ಕೂರಿಸಿ ಬಂದೆ. ಮರುವರ್ಷ ಗೂಡುಗಳು ಹೆಚ್ಚಾಗಿವೆ ಎಂಬ ಸುದ್ದಿ ಬಂತು. ಎಲ್ಲವೂ ಆ ಹಲಗೆಯಿಂದಲೇ ಎಂದು, ಹಳ್ಳಿಯ ಕಡೆ ತಲೆಹಾಕದೆಯೇ, ನಾಲ್ಕು ಪುಟ ವರದಿ ಬರೆದೆ. ಇನ್ನೂ ಹತ್ತು ಹಲಗೆ ಮಂಜೂರು ಮಾಡಿಸಿಕೊಂಡು, ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಹೋದೆ.

ಮರದಲ್ಲಿ ಹಲಗೆ ಇರಲಿಲ್ಲ. ಅದು ಒಳಗೆ, ಅಜ್ಜಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಬಾಯಿ ಮುಚ್ಚಿತ್ತು.

"ನೀನ್ ಮೊಳೆ ವಡ್ದ ಸದ್ದಿಗೆ ಎಲ್ಲಾ ಎದ್ದೋದ್ವು. ನೀನ್ ಅತ್ಲಾಗ್ ಓಗ್ತಿದ್ದಂಗೆ ಕಿತ್ತಾಕ್ಸ್‌ದೆ. ಸಂಜೀಕೆ ವಾಪಸ್ ಬಂದ್ವು," ಎಂದಳು ಮೆಲ್ಲಗೆ.

ಆಮೇಲೆ ಗಾಡಿಯತ್ತ ನೋಡಿದಳು.

"ನಮ್ಮನೇಲಿರಾದು ಒಂದೇ ವಾಡೆ ಕಣಪ್ಪ."