ಹಲ್ಲು ಎಣಿಸಿದೆ, ತೂತು ಎಣಿಸಲಿಲ್ಲ

ಬೆಳಗ್ಗೆ ಎದ್ದ ಕೂಡಲೇ ಅಂಗೈ ನೋಡಿಕೊಳ್ಳಬೇಕೆಂದು ನಮ್ಮಜ್ಜಿ ಹೇಳಿಕೊಟ್ಟಿದ್ದರು. ನಾನು ಈಗಲೂ ಅಂಗೈಯನ್ನೇ ನೋಡಿಕೊಳ್ಳುವುದು. ಅದರಲ್ಲೊಂದು ಫೋನ್ ಇರುತ್ತದೆ, ಅಷ್ಟೇ ವ್ಯತ್ಯಾಸ. ಹೋದ ಬೇಸಿಗೆಯಲ್ಲಿ ಮೂರು ವಾರ ನಾನು ಆ ಫೋನಿನಲ್ಲಿ ಹುಡುಕಿದ್ದು ಒಂದೇ ಸಂಗತಿ: ಬೈಕಿನ ಹಿಂದಿನ ಚಕ್ರಕ್ಕೆ ಕೂರಿಸುವ, ಚೈನ್ ಸುತ್ತುವ ಒಂದು ಹಲ್ಲಿನ ಬಿಲ್ಲೆ ಈ ಹೊತ್ತು ದೇಶದ ಯಾವ ಮೂಲೆಯಲ್ಲಿದೆ ಎಂಬುದು. ಮೆಕ್ಯಾನಿಕ್ಕುಗಳು ಅದನ್ನು ಸ್ಪ್ರಾಕೆಟ್ ಎನ್ನುತ್ತಾರೆ. ನನ್ನ ಹೆಂಡತಿ ಸುಜಾತ ಅದಕ್ಕೆ ‘ನಿಮ್ಮ ಎರಡನೇ ಸಂಸಾರ’ ಎಂದು ಹೆಸರಿಟ್ಟಳು.

ನನ್ನ ಕಸುಬು ಹೇಳಿಬಿಡುತ್ತೇನೆ, ಇಲ್ಲವಾದರೆ ಒಂದು ಕಬ್ಬಿಣದ ಬಿಲ್ಲೆಗೆ ಇಷ್ಟು ಪರದಾಡಿದ್ದೇಕೆಂದು ನಿಮಗೆ ತಿಳಿಯುವುದಿಲ್ಲ. ನಾನು ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಹನೂರಿನಲ್ಲಿ ಮನೆ; ಸುತ್ತಲಿನ ಹಳ್ಳಿಗಳಲ್ಲಿ ಹಸು ಬೆದೆಗೆ ಬಂದರೆ ನನಗೆ ಫೋನ್ ಬರುತ್ತದೆ. ಜನ ನನ್ನನ್ನು ‘ಡಾಕ್ಟ್ರು’ ಅನ್ನುತ್ತಾರೆ. ಮೊದಮೊದಲು ‘ನಾನು ಡಾಕ್ಟರಲ್ಲ’ ಎಂದು ತಿದ್ದುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು. ಬೈಕಿನ ಹಿಂದೆ, ಹೋರಿಯ ವೀರ್ಯದ ಕಡ್ಡಿಗಳು ಕೆಡದಂತೆ ಇಡಲು, ದ್ರವ ನೈಟ್ರೋಜನ್ ತುಂಬಿದ ಕ್ಯಾನಿರುತ್ತದೆ. ಮುಚ್ಚಳ ತೆಗೆದರೆ ಬಿಳಿಯ ಹೊಗೆ ಬರುತ್ತದೆ. ಒಮ್ಮೆ ಅದನ್ನು ಬಸ್ಸಿನಲ್ಲಿ ಒಯ್ಯಲು ಹೋದಾಗ, ಕಂಡಕ್ಟರ್ ಶಿಳ್ಳೆ ಊದುವ ಮೊದಲೇ ಅರ್ಧ ಬಸ್ಸು ಖಾಲಿಯಾಗಿತ್ತು. ಹಾಗಾಗಿ ಆ ಕ್ಯಾನಿಗೆ ಒಂದು ಕಬ್ಬಿಣದ ಪಂಜರ ಮಾಡಿಸಿ ನನ್ನ ಬೈಕಿಗೇ ಬೆಸುಗೆ ಹಾಕಿಸಿದ್ದೇನೆ. ಬೇರೆಯವರ ಬೈಕು ಎರವಲು ತಂದರೂ ಪ್ರಯೋಜನವಿಲ್ಲ.

ಬೈಕು ಹಳೆಯದು. ಅದನ್ನು ಮಾಡಿದ ಕಂಪನಿಯವರೇ ಆ ಮಾದರಿಯನ್ನು ಮರೆತಿದ್ದಾರೆ. ಒಂದು ಮಧ್ಯಾಹ್ನ ಹೂಗ್ಯಂಗೆ ಹೊರಟವನಿಗೆ ರಾಮಾಪುರ ದಾಟಿದ ಮೇಲೆ ಏರಿನಲ್ಲಿ ಕಟಕಟ ಎಂದು ಚೈನು ಜಾರತೊಡಗಿತು. ಎಂಜಿನ್ ಓಡುತ್ತಿದೆ, ಬೈಕು ನಿಂತಿದೆ. ಮುಂದೆ ಕಾಡಿನ ದಾರಿ, ಆನೆ ಓಡಾಡುವ ಜಾಗ. ನಾನು ಹಿಂದಿರುಗಿ ಬಂದೆ.

ಹೂಗ್ಯಂನಲ್ಲಿ ಕಾಯುತ್ತಿದ್ದವರು ಪುಟ್ಟಮಾದಮ್ಮ. ಅವರ ಕಡಸು ಹುಟ್ಟಿದ ವಾರಕ್ಕೇ ತಾಯಿಯನ್ನು ಕಳೆದುಕೊಂಡಿತ್ತು. ಮಾದಮ್ಮ ಹಾಲಿನಲ್ಲಿ ಬೆರಳದ್ದಿ ಚೀಪಿಸಿ ಬೆಳೆಸಿದ ಕರು ಅದು. ಮೊದಲ ಸಲ ನಾನು ಹೋಗಿದ್ದೆ, ಕಟ್ಟಲಿಲ್ಲ. ಈಗ ಎರಡನೆಯ ಸಲವೂ ತಪ್ಪಿತು. ಮೂರನೆಯ ಸಲ ಗಬ್ಬ ನಿಲ್ಲದಿದ್ದರೆ ಸಂತೆಗೆ ಹೊಡೆಯುವುದೇ ಸರಿ ಎಂದು ಅವರ ಹಿರಿಯ ಮಗ ತೀರ್ಮಾನ ಮಾಡಿದ್ದ. ಹಸುವಿನ ಲೆಕ್ಕ ನಮ್ಮ ಲೆಕ್ಕದಂತಲ್ಲ. ಇಪ್ಪತ್ತೊಂದು ದಿನಕ್ಕೊಮ್ಮೆ ಅದು ಬೆದೆಗೆ ಬರುತ್ತದೆ, ಒಂದು ದಿನ ತುಂಬುವ ಮೊದಲೇ ಇಳಿದುಹೋಗುತ್ತದೆ. ನನಗಿದ್ದ ಗಡುವು ಆ ಇಪ್ಪತ್ತೊಂದು ದಿನ.

ಹನೂರಿನ ನಮ್ಮ ಮೆಕ್ಯಾನಿಕ್ ರಂಗಸ್ವಾಮಿ ಚಕ್ರ ಬಿಚ್ಚಿ, ಸವೆದ ಬಿಲ್ಲೆಯನ್ನು ನನ್ನ ಕೈಗಿಟ್ಟ. ಹಲ್ಲುಗಳೆಲ್ಲ ಸವೆದು ಚೂಪಾಗಿ ಒಂದೇ ಕಡೆಗೆ ವಾಲಿದ್ದವು.

“ಕೊಳ್ಳೇಗಾಲದಲ್ಲೂ ಸಿಕ್ಕಲ್ಲ ಸಾ ಇದು. ಆನ್‌ಲೈನಲ್ಲಿ ತರ್ಸ್‌ಬುಡಿ” ಎಂದ. ಆಮೇಲೆ ಹಳೆಯ ಬಿಲ್ಲೆಯನ್ನೇ ಹೇಗೋ ಕೂರಿಸಿ, “ಊರೊಳ್ಗೆ ಮೆಲ್ಲುಕೆ ಓಡ್ಸಿ. ಏರು ಮಾತ್ರ ಅತ್ಬ್ಯಾಡಿ” ಎಂದು ಕಳಿಸಿದ.

ಹಸುವಿನ ವಯಸ್ಸು ಹೇಳಲು ನಾವು ಅದರ ಬಾಯಿ ತೆರೆಸಿ ಹಲ್ಲು ನೋಡುತ್ತೇವೆ. ಎರಡು ಹಲ್ಲು, ನಾಲ್ಕು ಹಲ್ಲು, ಬಾಯಿ ಕೂಡಿದ್ದು ಎಂದೆಲ್ಲ ಅದಕ್ಕೆ ಭಾಷೆಯಿದೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದವನು ಸ್ಪ್ರಾಕೆಟ್ಟನ್ನೂ ಅದೇ ಶ್ರದ್ಧೆಯಿಂದ ಪರೀಕ್ಷಿಸಿದೆ. ಒಂದು ಹಲ್ಲಿಗೆ ಸುಣ್ಣ ಹಚ್ಚಿ ಅಲ್ಲಿಂದ ಎಣಿಸಲು ಶುರುಮಾಡಿ, ಮೂರು ಸಲ ಎಣಿಸಿ, ನಲವತ್ತೆರಡು ಎಂದು ಖಚಿತಪಡಿಸಿಕೊಂಡು, ಫೋನಿನಲ್ಲಿ ನಲವತ್ತೆರಡು ಹಲ್ಲಿನದನ್ನೇ ಹುಡುಕಿ ಒತ್ತಿದೆ. ಏಳು ದಿನದಲ್ಲಿ ತಲುಪುತ್ತದೆ ಎಂದು ಅದು ಮಾತು ಕೊಟ್ಟಿತು. ಏಳೆಲ್ಲಿ, ಇಪ್ಪತ್ತೊಂದೆಲ್ಲಿ! ಆ ದಿನ ಬಹಳ ನೆಮ್ಮದಿಯಿಂದ ಊಟ ಮಾಡಿದೆ.

ಆಮೇಲೆ ಶುರುವಾಯಿತು ಫೋನಿನ ಜಪ. ಬಿಲ್ಲೆ ಹೊರಟಿತು. ನಾನು ಜನ್ಮದಲ್ಲಿ ನೋಡಿರದ ಊರುಗಳನ್ನೆಲ್ಲ ಅದು ನೋಡಿತು. ಒಂದು ಊರಿಗೆ ಎರಡು ಸಲ ಹೋಯಿತು. ಏನು ಮರೆತು ಬಂದಿತ್ತೋ ತಿಳಿಯದು. ನಮ್ಮ ಕಡೆಯ ಕಾಡಿನಲ್ಲಿ ಓಡಾಡಿದವರು ಆನೆಯ ಲದ್ದಿ ನೋಡಿಯೇ ಎಷ್ಟು ಹೊತ್ತಿನ ಕೆಳಗೆ ಹೋಯಿತು, ಮರಿ ಜೊತೆಗಿದೆಯೇ, ಯಾವ ಹಳ್ಳಕ್ಕೆ ನೀರಿಗೆ ಇಳಿಯುತ್ತದೆ ಎಂದು ಹೇಳುತ್ತಾರೆ. ಹೇಳಿದ್ದು ತಪ್ಪಿದ್ದನ್ನು ನಾನು ಕಂಡಿಲ್ಲ. ಆಕಾಶದಲ್ಲಿ ಉಪಗ್ರಹ ನಿಲ್ಲಿಸಿಕೊಂಡ ಕಂಪನಿ ಮಾತ್ರ ‘ನಿಮ್ಮ ವಸ್ತು ದಾರಿಯಲ್ಲಿದೆ’ ಎನ್ನುವುದಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ದಾರಿಯಲ್ಲಿಲ್ಲದೆ ಇನ್ನೆಲ್ಲಿರುತ್ತದೆ?

ಎಂಟನೆಯ ದಿನ ‘ತಲುಪಿಸಲಾಗಿದೆ’ ಎಂದು ಬಂತು. ನಾನು ಬಾಗಿಲಲ್ಲೇ ಕುಳಿತಿದ್ದೆ. ಬಾಗಿಲಿಗೆ ಒಂದು ಕೋಳಿ ಬಿಟ್ಟರೆ ಯಾರೂ ಬಂದಿರಲಿಲ್ಲ. ಕಂಪನಿಯನ್ನು ಬಯ್ಯಲು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅದೇ ರಿಂಗಾಯಿತು. ಯಳಂದೂರಿನ ಬಳಿಯ ಅಗರದಿಂದ ನಮ್ಮತ್ತೆ.

“ಅಳಿಯಂದ್ರೆ, ನಿಮ್ ಎಸ್ರುಗೆ ಒಂದು ಚಕ್ರ ಬಂದದೆ. ಯಾವ್ ದ್ಯಾವ್ರುದೋ ಏನೋ ಅನ್ಕಂಡು ಅರಿಸ್ನ ಕುಂಕುಮ ಇಟ್ಟು ಪಟದ್ ಮುಂದ್ಕೆ ಮಡಗಿವ್ನಿ.”

ಹಿಂದೊಮ್ಮೆ ಅತ್ತೆಗೆ ಮಿಕ್ಸಿಯ ಮುಚ್ಚಳ ತರಿಸಿಕೊಟ್ಟಿದ್ದೆ. ಫೋನು ಆ ವಿಳಾಸವನ್ನು ನೆನಪಿಟ್ಟುಕೊಂಡಿತ್ತು, ನಾನು ಮರೆತಿದ್ದೆ. ಸುಜಾತ ತವರಿಗೆ ಹೋಗಲು ಇದೊಂದು ನೆಪವಾಯಿತು. ಎರಡು ದಿನ ಇದ್ದು, ಬಾಳೆಗೊನೆ, ಹುಣಸೆಹಣ್ಣು, ಕುಂಕುಮ ಹಚ್ಚಿದ ಬಿಲ್ಲೆ ಸಮೇತ ಹಿಂದಿರುಗಿದಳು. ನಾನದನ್ನು ಓಡೋಡಿ ರಂಗಸ್ವಾಮಿಗೆ ಒಯ್ದುಕೊಟ್ಟೆ. ಅವನು ಹಳೆಯದರ ಮೇಲೆ ಹೊಸದನ್ನು ಇಟ್ಟು ನೋಡಿ ಮೆತ್ತಗೆ ಕೇಳಿದ:

“ಹಲ್ಲು ಸರಿಯಾಗೇ ಅದೆ ಸಾ. ತೂತ ಎಣಿಸಿದ್ರಾ?”

ನನ್ನ ಬೈಕಿನ ಚಕ್ರಕ್ಕೆ ಆರು ಬೋಲ್ಟು. ಹೊಸ ಬಿಲ್ಲೆಗೆ ನಾಲ್ಕೇ ತೂತು. ಹಲ್ಲಿನಲ್ಲೇ ಮುಳುಗಿದ್ದವನು ಒಳಗಿನ ತೂತಿನ ಕಡೆ ಕಣ್ಣು ಹಾಯಿಸಿರಲಿಲ್ಲ. ಹಿಂದಿರುಗಿಸೋಣವೆಂದು ಫೋನ್ ಒತ್ತಿದರೆ, ನಿಮ್ಮ ಪಿನ್‌ಕೋಡಿನಿಂದ ವಸ್ತು ಹಿಂಪಡೆಯುವ ಸೌಲಭ್ಯವಿಲ್ಲ ಎಂದಿತು. ತಂದುಕೊಡಲು ದಾರಿಯಿರುವ ಊರಿನಿಂದ ವಾಪಸು ಒಯ್ಯಲು ದಾರಿ ಯಾಕಿಲ್ಲ ಎಂದು ನಾನು ಇಂದಿಗೂ ಯೋಚಿಸುತ್ತಿದ್ದೇನೆ. ನಾನಾದರೂ ಬಿಡುವವನಲ್ಲ. ಹೇಗಾದರೂ ಹಿಂದಿರುಗಿಸಿಯೇ ತೀರುತ್ತೇನೆ ಎಂದು ಬಿಲ್ಲೆಯನ್ನು ಡಬ್ಬಿಯ ಸಮೇತ ರಂಗಸ್ವಾಮಿಯ ಅಂಗಡಿಯಲ್ಲೇ ಜೋಪಾನವಾಗಿ ಇರಿಸಿ, ಆರು ತೂತಿನದನ್ನು ತರಿಸಲು ಮತ್ತೆ ಫೋನ್ ಒತ್ತಿದೆ. ಈ ಸಲ ಹನೂರಿನದೇ ವಿಳಾಸ. ಗುರುತು ಎನ್ನುವ ಜಾಗದಲ್ಲಿ ‘ಹುಣಸೆಮರದ ಎದುರು, ಹಸು ಡಾಕ್ಟರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ’ ಎಂದೂ ಬರೆದೆ. ಹನ್ನೊಂದು ದಿನ ಕಳೆದಿತ್ತು, ಹತ್ತು ಉಳಿದಿತ್ತು.

ಎರಡನೆಯ ಬಿಲ್ಲೆ ಚುರುಕಿನದು. ಆರೇ ದಿನಕ್ಕೆ ಕೊಳ್ಳೇಗಾಲ ಮುಟ್ಟಿತು. ಆದರೆ ಕೊಳ್ಳೇಗಾಲಕ್ಕೂ ಹನೂರಿಗೂ ನಡುವೆ ಉಳಿದ ದೇಶಕ್ಕಿಂತ ಹೆಚ್ಚಿನ ದೂರವಿದೆ ಎಂದು ನನಗೆ ತಿಳಿದದ್ದು ಆಗಲೇ. ಅವತ್ತು ಸಂಜೆ ಸಂದೇಶ ಬಂತು: ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ’. ನಾನು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕುಳಿತೇ ಅದನ್ನು ಓದಿದೆ. ಮರುದಿನವೂ ಅದೇ. ಅಂದು ಬೇಕೆಂದೇ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕುಳಿತಿದ್ದೆ. ಇದ್ದೇನೆಯೋ ಇಲ್ಲವೋ ಎಂದು ನನಗೇ ಅನುಮಾನ ಬಂದು ಸುಜಾತಳನ್ನು ಕರೆದು ಕೇಳಿದೆ. “ಇದ್ದೀರಿ, ಎರಡು ದಿನದಿಂದ ಸ್ವಲ್ಪ ಜಾಸ್ತಿಯೇ ಇದ್ದೀರಿ” ಎಂದಳು.

ಮೂರನೆಯ ದಿನ ಸಿಟ್ಟು ತಡೆಯದೆ ಬಸ್ಸು ಹತ್ತಿ ಕೊಳ್ಳೇಗಾಲಕ್ಕೇ ಹೋದೆ. ಪಾರ್ಸಲ್ ಕಚೇರಿಯಲ್ಲಿದ್ದಾತ ಪಟ್ಟಿ ನೋಡಿ, “ನಿಮ್ದು ಅನೂರ್‌ಗೆ ಓಯ್ತಲ್ಲ ಸಾ, ಬೆಳಗ್ಗೇನೆ ತಕಂಡ್ ಓದ್ರು” ಎಂದ. ಅಲ್ಲೇ ನಿಂತಿರುವಾಗ ಫೋನು ಸದ್ದು ಮಾಡಿತು: ‘ಗ್ರಾಹಕರು ಮನೆಯಲ್ಲಿ ಇರಲಿಲ್ಲ’. ಮೂರರಲ್ಲಿ ಅದೊಂದೇ ನಿಜ. ಸುಜಾತ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಮೂರು ಸಲ ಪ್ರಯತ್ನಿಸಿದ್ದಾಗಿದೆ, ವಸ್ತುವನ್ನು ಕಳಿಸಿದವರಿಗೇ ಹಿಂದಿರುಗಿಸುತ್ತಿದ್ದೇವೆ ಎಂದು ಮರುದಿನ ಮತ್ತೊಂದು ಸಂದೇಶ. ಹಿಂದಿರುಗಬೇಕಾದದ್ದು ಇಲ್ಲೇ ಉಳಿಯಿತು, ಉಳಿಯಬೇಕಾದದ್ದು ಹಿಂದಿರುಗಿತು. ಸುಳ್ಳು ಹೇಳಿ ಹೊಟ್ಟೆ ಹೊರೆಯುವವರ ಬಗ್ಗೆ ನಾನು ಆ ದಿನ ಸುಜಾತಳಿಗೆ ಒಂದು ದೊಡ್ಡ ಭಾಷಣವನ್ನೇ ಮಾಡಿದೆ.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ಏಳಕ್ಕೆ ಪುಟ್ಟಮಾದಮ್ಮನ ಫೋನು ಬಂತು.

“ಸಾ, ಕಡ್ಸು ರಾತ್ರಿಯಿಂದ ಕೂಗ್ತಾ ಅದೆ. ಇವತ್ತು ಬತ್ತೀರಾ?”

ನಾನು ಬೈಕಿನ ಕಥೆ ಶುರುಮಾಡಿದೆ. ಬಿಲ್ಲೆ, ತೂತು, ಕೊಳ್ಳೇಗಾಲ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಜಗಳದ ದನಿಯೇ ಇಲ್ಲದೆ ಹೇಳಿದರು:

“ಬರಾಕಾಗ್ನಿಲ್ಲ ಅಂದ್ರೆ ಬರಾಕಾಗ್ನಿಲ್ಲ ಅಂತ್ಲೇ ಬರ್ಕಳಿ ಸಾ. ಓದ್ ಸಲ ನಾನು ಮನೇಲಿರ್ನಿಲ್ಲ ಅಂತ ಬರ್ದಿದ್ರಂತೆ. ಹಾಲಿನ್ ಡೈರೀಲಿ ಓದ್ ಯೋಳುದ್ರು. ನಾನು ಅವತ್ತು ಕೂಲಿ ಬುಟ್ಟು ಬಾಗ್ಲಲ್ಲೇ ಕುಂತಿದ್ದಿ.”

ಇದೊಂದನ್ನು ನಾನು ನಿಮಗೂ ಹೇಳಿರಲಿಲ್ಲ. ಅಂದು ರಾಮಾಪುರದಿಂದ ಹಿಂದಿರುಗಿದವನು ಹೋಟೆಲಿನಲ್ಲಿ ಟೀ ಕುಡಿಯುತ್ತ, ಹಾಲಿನ ಡೈರಿಯವರಿಗೆ ತೋರಿಸಬೇಕಾದ ದಿನದ ಪುಸ್ತಕ ತುಂಬಿದ್ದೆ. ಬೈಕು ಕೆಟ್ಟಿತು ಎಂದು ಬರೆದರೆ ಹತ್ತು ಪ್ರಶ್ನೆ ಬರುತ್ತದೆ. ‘ಮಾಲೀಕರು ಮನೆಯಲ್ಲಿ ಇರಲಿಲ್ಲ’ ಎಂದು ಬರೆದರೆ ಯಾರೂ ಏನೂ ಕೇಳುವುದಿಲ್ಲ. ಕೈ ತಾನಾಗಿ ಬರೆಯಿತು, ಅಂದರೆ ಅದು ಮೊದಲ ಸಲವೂ ಆಗಿರಲಿಲ್ಲ. ಕೊಳ್ಳೇಗಾಲದಿಂದ ಪಾರ್ಸಲ್ ಹೊತ್ತು ಮನೆಮನೆಗೆ ಬರುವವನನ್ನು ನಾನು ಮುಖತಃ ನೋಡಿದ್ದೇ ಇಲ್ಲ. ಆದರೂ ಅವನು ಯಾವುದೋ ತಿರುವಿನಲ್ಲಿ ಬೈಕು ನಿಲ್ಲಿಸಿ, ಬಿಸಿಲು ನೋಡಿ, ದೂರ ನೋಡಿ, ಟೀ ಹೇಳಿ ಫೋನ್ ಒತ್ತುವುದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ನಿಜಕ್ಕೂ ನಾಚಿಕೆಯಾಯಿತು.

“ಬತ್ತೀನಿ ಕಣಮ್ಮ” ಎಂದೆ. ಹೇಗೆ ಎಂದು ಗೊತ್ತಿರಲಿಲ್ಲ.

ಜಾರುವ ಚೈನಿನಲ್ಲೇ ಬೈಕನ್ನು ಅರ್ಧ ಓಡಿಸಿ, ಅರ್ಧ ನೂಕಿ ರಂಗಸ್ವಾಮಿಯ ಅಂಗಡಿ ಸೇರಿ, ಏನಾದರೂ ಮಾಡು ಎಂದು ಕೈಮುಗಿದೆ. ಅವನು ಒಳಗಿನಿಂದ ಆ ನಾಲ್ಕು ತೂತಿನ ಬಿಲ್ಲೆ ತಂದ.

“ಇದ್ಕೆ ಆರು ತೂತ ಕೊರುದ್ರೆ ಆಯ್ತಲ್ಲ ಸಾ. ಪಕ್ಕದ್ ವೆಲ್ಡಿಂಗ್ ಅಂಗ್ಡೀಲಿ ಅರ್ಧ ಗಂಟೆ ಕೆಲ್ಸ.”

“ಇದನ್ನು ಅವತ್ತೇ ಯಾಕಯ್ಯಾ ಹೇಳಲಿಲ್ಲ?”

“ನೀವು ವಾಪಸ್ ಕಳಿಸ್ತೀನಿ, ವಾಪಸ್ ಕಳಿಸ್ತೀನಿ ಅಂತಿದ್ರಿ. ತೂತ ಕೊರುದ್ರೆ ಅವ್ರು ತಕಳ್ಳಲ್ಲ ಅಂತ ನಾನು ಸುಮ್ಗಿದ್ದಿ.”

ಹತ್ತು ದಿನದಿಂದ ಅವನು ಪ್ರತಿದಿನ ಆ ಡಬ್ಬಿಯ ಧೂಳು ಒರೆಸಿ ಇಡುತ್ತಿದ್ದನಂತೆ. ನನ್ನ ಹಠಕ್ಕೆ ಅವನು ಕೊಟ್ಟ ಮರ್ಯಾದೆ ಅದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅರ್ಧ ಗಂಟೆ ಎಂದದ್ದು ಎರಡು ಗಂಟೆಯಾಯಿತು. ಆದರೆ ಹತ್ತೂವರೆಗೆ ಬೈಕು ಹೊರಟಿತು. ರಾಮಾಪುರದ ಏರಿನಲ್ಲಿ ಉಸಿರು ಬಿಗಿಹಿಡಿದೆ. ಚೈನು ಒಂದು ಮಾತೂ ಆಡಲಿಲ್ಲ. ಟೀ ಹೋಟೆಲಿನವನು ಕೈಬೀಸಿ ಕರೆದ. ನಿಲ್ಲಿಸಲಿಲ್ಲ.

ಪುಟ್ಟಮಾದಮ್ಮ ಬಾಗಿಲಲ್ಲೇ ಕುಳಿತಿದ್ದರು. ನನ್ನನ್ನು ನೋಡಿ ಎದ್ದು ಕೈ ತೊಳೆಯಲು ನೀರು ತಂದರು. ಕಡಸು ಇನ್ನೂ ಕೂಗುತ್ತಿತ್ತು. ಕೆಲಸ ಮುಗಿಸಿ ಪುಸ್ತಕ ತೆಗೆದಾಗ ಅವರು ಎದುರಿಗೇ ನಿಂತಿದ್ದರು. ಅವರಿಗೆ ಓದಲು ಬಾರದು. ಬರೆದದ್ದನ್ನು ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಹಳೆಯ ಪುಟ ತಿರುವಿ, ಆ ಸಾಲನ್ನು ಹೊಡೆದುಹಾಕಿ, ಬೈಕು ಕೆಟ್ಟದ್ದರಿಂದ ಹೋಗಲಾಗಲಿಲ್ಲ ಎಂದು ತಿದ್ದಿ, ಅದನ್ನೂ ಓದಿದೆ. ಆಮೇಲೆ ಡೈರಿಯ ಮೇಲಿನವರು ಹತ್ತು ಪ್ರಶ್ನೆ ಕೇಳಿದರು, ನಿಜ. ಆದರೆ ಹತ್ತಕ್ಕೂ ನನ್ನ ಹತ್ತಿರ ಉತ್ತರವಿತ್ತು. ಹೆಚ್ಚೇ ಇತ್ತು ಎನ್ನಬೇಕು, ತೂತಿನ ವಿಷಯಕ್ಕೆ ಬರುವ ಹೊತ್ತಿಗೆ ಅವರೇ ಸಾಕು ಎಂದರು.

ಮೂರು ತಿಂಗಳ ಮೇಲೆ ಪರೀಕ್ಷೆಗೆ ಹೋದೆ. ಗಬ್ಬ ನಿಂತಿತ್ತು. ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಆ ಕೊಟ್ಟಿಗೆಯಲ್ಲೇ ಎರಡು ಹೆಜ್ಜೆ ಕುಣಿದೆ. ಸಂತೆಯ ಮಾತು ಆಡಿದ್ದ ಹಿರಿಯ ಮಗನೇ ಕಡಸಿನ ಗಂಗೆದೊಗಲು ಸವರುತ್ತ ನಿಂತಿದ್ದ. ನಾನು ಹುರುಪಿನಿಂದ ಬೆರಳು ಮಡಿಸಿ ತಿಂಗಳು ಎಣಿಸಿ, ಇಂಥ ವಾರ ಕರು ಬರುತ್ತದೆ, ಎರಡು ದಿನ ಹಿಂದೆ ಮುಂದೆ ಆಗಬಹುದು, ಅಲ್ಲಿಯತನಕ ನಡುನಡುವೆ ಫೋನ್ ಮಾಡಿ ಹೇಗಿದೆ ಎಂದು ವಿಚಾರಿಸುತ್ತಿರುತ್ತೇನೆ ಎಂದೆಲ್ಲ ಹೇಳುತ್ತ ಹೋದೆ.

ಪುಟ್ಟಮಾದಮ್ಮ ಕಡಸಿನ ಮುಂದೆ ಹುಲ್ಲು ಹಾಕುತ್ತಿದ್ದವರು ತಿರುಗಿ ನೋಡಿ ನಕ್ಕರು.

“ಕರ ಅದ್ರ ವೊತ್ಗೆ ಅದೇ ಬತ್ತದೆ ಸಾ. ಅದ್ರ ಯೋಚ್ನೆ ಬುಡಿ. ಅವತ್ತು ಕರುದ್ರೆ ನೀವು ಬನ್ನಿ.”