ಏಳು ನಿಮಿಷದ ಕೆಂಪು ದೀಪ

ನಮ್ಮವರಿಗೆ ಹೆತ್ತವರು ಇಟ್ಟ ಹೆಸರು ಒಂದು, ಜನ ಕರೆಯುವ ಹೆಸರು ಇನ್ನೊಂದು. ಜನಕ್ಕೆ ಅವರು ಆಫ್-ಆನ್ ಅಣ್ಣ. ಸುತ್ತಮುತ್ತಲಿನ ಇನ್ನೂರ ಹನ್ನೆರಡು ಮನೆಗಳಿಗೆ ಇಂಟರ್‌ನೆಟ್ ಲೈನ್ ಎಳೆದು, ವೈಫೈ ಪೆಟ್ಟಿಗೆ ಕೂರಿಸಿದವರು ಅವರೇ. ಯಾರು ಫೋನ್ ಮಾಡಿ ಏನೇ ದೂರಿದರೂ ಅವರ ಮೊದಲ ಮಾತು ಒಂದೇ: "ಒಂದ್ಸಲ ಆಫ್ ಮಾಡಿ ಆನ್ ಮಾಡಿ." ಹದಿನಾಲ್ಕು ವರ್ಷದಿಂದ ಇದೇ ಮಂತ್ರ. ಒಮ್ಮೆ ನಾನು ಮುನಿಸಿಕೊಂಡು ಎರಡು ದಿನ ಮಾತು ಬಿಟ್ಟಿದ್ದಾಗ ನನ್ನ ನಾದಿನಿ, "ಅತ್ತಿಗೇನೂ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಣ್ಣ" ಅಂದಳು. ನಾನು ನಕ್ಕುಬಿಟ್ಟೆ. ಸಿಟ್ಟು ಅಲ್ಲಿಗೇ ಮುಗಿಯಿತು.

ಮನುಷ್ಯ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಹಡಿ ಹತ್ತುವುದೆಂದರೆ ಅವರಿಗೆ ಆಗಿಬರುವುದಿಲ್ಲ. ಮನೆಯ ಮೇಜಿನಲ್ಲೇ ಕೂತು ರಿಪೇರಿ ಮಾಡುವ ಅನುಕೂಲಕ್ಕೆಂದು ಎಲ್ಲ ಪೆಟ್ಟಿಗೆಗಳಲ್ಲೂ ಹೊರಗಿನಿಂದ ಒಳಹೋಗುವ ಒಂದು ದಾರಿಯನ್ನು ತೆರೆದೇ ಇಟ್ಟಿದ್ದರು. "ಪಾಸ್‌ವರ್ಡ್ ಇದೆಯಲ್ಲೇ, ಯಾರು ಬರ್ತಾರೆ?" ಎನ್ನುತ್ತಿದ್ದರು. ಇನ್ನು ಬಂದ ಮೇಲ್ ಓದುವುದಂತೂ ಕೇಳಲೇಬೇಡಿ. ಬೇಕಾದ್ದು, ಬೇಡದ್ದು ಎಲ್ಲ ಸೇರಿ ಸಾವಿರಗಟ್ಟಲೆ ಹಾಗೇ ಬಿದ್ದಿದ್ದವು.

ನಮ್ಮ ಹಿಂದಿನ ರಸ್ತೆಯ ಕಟ್ಟಡದಲ್ಲಿ, ಮೂರನೇ ಮಹಡಿಯಲ್ಲಿ, ಒಬ್ಬ ನರ್ಸ್ ಇದ್ದಾಳೆ. ಹತ್ತು ತಿಂಗಳ ಕೂಸು. ಅವಳು ಡ್ಯೂಟಿಗೆ ಹೋದಾಗ ವಯಸ್ಸಾದ ಅವಳ ದೊಡ್ಡಮ್ಮ ಬಂದು ಮಗುವನ್ನು ನೋಡಿಕೊಳ್ಳುತ್ತಾರೆ. ಆಸ್ಪತ್ರೆಯಿಂದಲೇ ಫೋನಿನಲ್ಲಿ ಮಗುವಿನ ಮುಖ ನೋಡಲಿ ಎಂದು ತೊಟ್ಟಿಲ ಮೇಲೆ ಕ್ಯಾಮೆರಾ ಜೋಡಿಸಿಕೊಟ್ಟವರು ನಮ್ಮವರು. ಒಂದು ಮಧ್ಯಾಹ್ನ ಅವಳು ಮನೆಯಲ್ಲೇ ಇದ್ದಳು, ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಮಗುವಿಗೆ ಬಟ್ಟೆ ಬದಲಾಯಿಸುತ್ತಿದ್ದಾಗ ಕ್ಯಾಮೆರಾ ತಾನಾಗಿ ಕತ್ತು ತಿರುಗಿಸಿ ಅವಳನ್ನೇ ನೋಡಿತು. ಅವಳು ಬಾಗಿಲ ಕಡೆ ಸರಿದರೆ ಅದೂ ಅತ್ತಲೇ ತಿರುಗಿತು.

ಅವಳು ಕಿತ್ತೆಸೆದು, ದೊಡ್ಡಮ್ಮನ ಕೈಲಿ ಕಳಿಸಿದ ಕ್ಯಾಮೆರಾವನ್ನೂ ವೈಫೈ ಪೆಟ್ಟಿಗೆಯ ಮಾಡೆಲ್ ನಂಬರನ್ನೂ ಹಿಡಿದು ನಮ್ಮವರು ಹುಡುಕಿದರು. ಪೆಟ್ಟಿಗೆಯ ಸಾಫ್ಟ್‌ವೇರಿನಲ್ಲೇ ತೂತಿತ್ತು. ಆ ಹೊರಗಿನ ದಾರಿಯಲ್ಲಿ ಬಂದವರನ್ನು ಪಾಸ್‌ವರ್ಡ್ ಕೇಳದೆಯೇ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಅದನ್ನು ಮುಚ್ಚುವ ಹೊಸ ಸಾಫ್ಟ್‌ವೇರನ್ನು ಪೆಟ್ಟಿಗೆ ಮಾಡಿದವರು ಏಳು ತಿಂಗಳ ಹಿಂದೆಯೇ ಕಳಿಸಿದ್ದರು. ಆ ಮೇಲ್ ಇವರ ಹತ್ತಿರ ಓದದೆ ಬಿದ್ದಿತ್ತು! ನನಗೆ ಎಂಥ ಸಿಟ್ಟು ಬಂತೆಂದರೆ, ಬಾಯಿಗೆ ಬಂದಂತೆ ಬೈಯಬೇಕು ಅಂದುಕೊಂಡೆ. ಆದರೆ ಇವರ ಮುಖ ನೋಡಿದೆ. ಆ ದಿನ ಊಟಕ್ಕೆ ಕೂತವರು ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಕ್ಷಮೆ ಕೇಳಲು ಹೋದರೆ ಅವಳು ಬಾಗಿಲೇ ತೆಗೆಯಲಿಲ್ಲವಂತೆ. ಒಳಗಿನಿಂದಲೇ, "ನಿಮ್ಮನ್ನ ನಂಬಿ ಹಾಕಿಸ್ಕೊಂಡಿದ್ದು ಅಣ್ಣ. ನನ್ನ ಮಗೂನ ಯಾರೋ ನೋಡಿದ್ದಾರೆ" ಅಂದಳಂತೆ. ನಮ್ಮವರು ನನಗೆ ಇಷ್ಟನ್ನೇ ಹೇಳಿ ಒಳಗೆ ಹೋಗಿ ಮಲಗಿದರು. ಆ ಬಾಗಿಲು ಇನ್ನೊಮ್ಮೆ ತೆರೆಯದಿದ್ದರೆ ಈ ಕೆಲಸವೇ ಬೇಡ ಎಂದು ಮರುದಿನ ಬೆಳಿಗ್ಗೆ ಅಂದರು. ತಮಾಷೆಗೆ ಅಂದದ್ದಲ್ಲ.

ಮೊದಲು ಮೇಜಿನಲ್ಲೇ ಕೂತು ಹತ್ತು ಮನೆಗಳ ಪೆಟ್ಟಿಗೆಗೆ ಹೊಸ ಸಾಫ್ಟ್‌ವೇರ್ ತುಂಬಿದರು. ಅದು ತುಂಬಲು ಏಳು ನಿಮಿಷ ಬೇಕು. ಅಷ್ಟೂ ಹೊತ್ತು ಕೆಂಪು ದೀಪ ಉರಿಯುತ್ತದೆ, ನಡುವೆ ಕರೆಂಟ್ ಹೋದರೆ ಪೆಟ್ಟಿಗೆ ಸತ್ತ ಹಾಗೆ. ಆಫ್ ಮಾಡಬೇಡಿ ಎಂದು ಎಲ್ಲರಿಗೂ ಮೆಸೇಜ್ ಹೋಗಿತ್ತು. ಯಾರು ಓದುತ್ತಾರೆ? ನಮ್ಮವರ ಹಾಗೇ ಅವರೂ! ಕೆಂಪು ದೀಪ ಕಂಡಿದ್ದೇ ತಡ, ನಾಲ್ಕು ಮನೆಯವರು ಹದಿನಾಲ್ಕು ವರ್ಷದ ಪಾಠವನ್ನು ನಿಷ್ಠೆಯಿಂದ ಒಪ್ಪಿಸಿದರು. ಆಫ್ ಮಾಡಿ ಆನ್ ಮಾಡಿದರು. ನಾಲ್ಕೂ ಪೆಟ್ಟಿಗೆ ಕಲ್ಲಾದವು, ಹೊಸವನ್ನು ತಂದುಕೊಡಬೇಕಾಯಿತು.

"ಇನ್ನು ಮನೆಮನೆಗೂ ಹೋಗೋದೇ" ಅಂದರು ನಮ್ಮವರು. "ಏಳು ನಿಮಿಷ ಅಲ್ಲೇ ಕೂರೋದು. ನೀನೂ ಬಾ."

"ನಾನ್ಯಾಕೆ?"

"ನಾನು ಲ್ಯಾಪ್‌ಟಾಪ್ ನೋಡ್ಬೇಕು. ಸ್ವಿಚ್ ಕಾಯೋಕೆ ಒಂದು ಗಟ್ಟಿ ಜನ ಬೇಕು. ನಿನಗಿಂತ ಗಟ್ಟಿ ಯಾರಿದ್ದಾರೆ?"

ಹೊಗಳಿದರೋ ತೆಗಳಿದರೋ, ಇವತ್ತಿಗೂ ತಿಳಿಯದು. ಮೂರು ವಾರ ಅವರ ಹಿಂದೆ ಮೆಟ್ಟಿಲು ಹತ್ತಿ ಇಳಿದೆ. ಪ್ರತಿ ಮನೆಯಲ್ಲೂ ಚಪ್ಪಲಿ ಬಿಡುವ ಮುಂಚೆಯೇ ಇವರು, "ತಪ್ಪು ನಂದು, ಏಳು ತಿಂಗಳ ಹಿಂದೆ ಮಾಡಬೇಕಿತ್ತು" ಎಂದು ಶುರು ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ದಾರಿಯಲ್ಲಿ, "ತೂತು ಮಾಡಿದೋರು ಪೆಟ್ಟಿಗೆಯೋರು, ಅದನ್ನೂ ಹೇಳಿ" ಎಂದು ತಿವಿದರೆ, "ಪೆಟ್ಟಿಗೆಯೋರು ಅವರ ಮನೆಗೆ ಬಂದಿರಲಿಲ್ಲ, ನಾನು ಬಂದಿದ್ದೆ" ಅಂದರು.

ಏಳು ನಿಮಿಷ ಎಂದರೆ ಎಷ್ಟು ಉದ್ದ ಎಂದು ನನಗೆ ಆಗಲೇ ತಿಳಿದದ್ದು. ಇಂಟರ್‌ನೆಟ್ ಇಲ್ಲ, ಕೈಯಲ್ಲಿ ಫೋನಿದ್ದರೂ ಮಾಡಲು ಏನಿಲ್ಲ. ಒಂದು ಮನೆಯಲ್ಲಿ ಅಪ್ಪ ಮಗಳು ಮುಖ ಮುಖ ನೋಡಿಕೊಂಡು ಕೂತು, ಕೊನೆಗೆ ಅಪ್ಪ, "ಈಗ ಎಷ್ಟನೇ ಕ್ಲಾಸಮ್ಮಾ ನೀನು?" ಎಂದು ಕೇಳಿದ. ಇನ್ನೊಂದು ಮನೆಯ ನಿವೃತ್ತ ಡ್ರೈವರ್ ಅಂತೂ ಐದನೇ ನಿಮಿಷಕ್ಕೆ ಮೆಲ್ಲಗೆ ಎದ್ದು ಸ್ವಿಚ್ಚಿಗೆ ಕೈ ಚಾಚಿದರು. ನಾನು ಪಟ್ಟನೆ ಒಂದು ಕೊಟ್ಟೆ. "ಅಯ್ಯೋ, ಅಭ್ಯಾಸ ಕಣಮ್ಮಾ! ನಿಮ್ಮ ಯಜಮಾನ್ರೇ ಕಲ್ಸಿದ್ದು" ಎಂದು ಕೈ ಉಜ್ಜಿಕೊಂಡರು.

ಇನ್ನೂರ ಹನ್ನೊಂದು ಮನೆ ಮುಗಿದವು. ಉಳಿದದ್ದು ಅದೊಂದೇ ಬಾಗಿಲು.

ಶನಿವಾರ ಬೆಳಿಗ್ಗೆ ಹೋದೆವು. ಎರಡನೇ ಮಹಡಿಗೇ ನನ್ನ ಮೊಣಕಾಲು ಕೈಕೊಟ್ಟಿತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ, ಇವರೊಬ್ಬರೇ ಮೇಲೆ ಹೋದರು. ಆ ಕಟ್ಟಡದಲ್ಲಿ ಪಿಸುಗುಟ್ಟಿದರೂ ಕೆಳಗೆ ಕೇಳುತ್ತದೆ.

"ಅಮ್ಮಾ, ನಾನು, ಲೈನಿನವನು."

"ಗೊತ್ತಾಯ್ತು. ಸೋಮವಾರ ನನ್ನ ರಜ ಮುಗಿಯುತ್ತೆ, ಮಗೂನ ಫೋನಲ್ಲಿ ನೋಡೋಕೆ ಲೈನ್ ಬೇಕು. ಆದ್ರೆ ಒಳಗೆ ಬರೋದು ಬೇಡ ಅಣ್ಣ."

"ಬರಲ್ಲಮ್ಮ. ಇಲ್ಲೇ ಕೂತ್ಕೋತೀನಿ. ನೀವು ಪೆಟ್ಟಿಗೆ ಆನ್ ಮಾಡಿದ್ರೆ ಸಾಕು, ಉಳಿದದ್ದು ಹೊರಗಿಂದಲೇ ಮಾಡ್ತೀನಿ."

ಅವಳು ಒಳಗಿನಿಂದಲೇ, "ಹೊರಗಿಂದಲೇ ಆಗುತ್ತೆ ಅಲ್ವಾ? ಅವನೂ ಹೀಗೇ ಬಂದಿದ್ದು" ಅಂದಳು.

ಏನಾದರೊಂದು ಹೇಳಿ ಜಾರಿಕೊಳ್ಳಬಾರದೇ ಈ ಮನುಷ್ಯ, ಅಂದುಕೊಂಡೆ.

"ಹೌದಮ್ಮ. ನಾನು ತೆರೆದಿಟ್ಟ ದಾರೀಲೇ ಬಂದ. ಇದಾದ ಮೇಲೆ ಆ ದಾರಿ ಮುಚ್ಚಿಬಿಡ್ತೀನಿ. ಆಮೇಲೆ ನನಗೂ ಹೊರಗಿಂದ ಬರೋಕಾಗಲ್ಲ. ನೀವಾಗಿ ಬಾಗಿಲು ತೆಗೆದ್ರೆ ಮಾತ್ರ ಬರಬಹುದು."

ಒಳಗೆ ಸ್ವಿಚ್ ಟಕ್ಕೆಂದಿತು. "ಪ್ಲಗ್ ಅಲ್ಲಾಡ್ತಿದೆ ಅಣ್ಣ."

"ಗೊತ್ತು, ಆ ಸಾಕೆಟ್ಟೇ ಸಡಿಲ. ರಟ್ಟಿನ ಚೂರು ಸಿಕ್ಕಿಸಿದ್ನಲ್ಲ?"

"ಅವತ್ತು ಎಲ್ಲಾ ಕಿತ್ತೆಸೆದೆ."

"ಹಾಗಾದ್ರೆ ಕೈಯಲ್ಲೇ ಒತ್ತಿ ಹಿಡ್ಕೊಳ್ಳಿ. ಏಳು ನಿಮಿಷ. ಏನೇ ಆದ್ರೂ ಕೈ ತೆಗೀಬೇಡಿ. ಕೆಂಪು ಬಂತಾ?"

"ಬಂತು."

ಮೂರು ನಿಮಿಷ ಆಗಿರಬೇಕು, ಒಳಗೆ ಮಗು ಎದ್ದು ಅತ್ತಿತು. ಮೊದಲು ಸಣ್ಣಗೆ, ಆಮೇಲೆ ಕಟ್ಟಡವೇ ಕಿತ್ತುಹೋಗುವ ಹಾಗೆ. "ಬಂದೆ ಪುಟ್ಟಾ, ಬಂದೆ" ಎಂದು ಅವಳು ನಿಂತಲ್ಲಿಂದಲೇ ಕೂಗುತ್ತಿದ್ದಳು. ದೊಡ್ಡಮ್ಮ ಬರುವುದು ಡ್ಯೂಟಿ ಇದ್ದ ದಿನ ಮಾತ್ರ. ನನಗೆ ತಡೆಯಲಾಗಲಿಲ್ಲ. ಹೆಂಗಸು ನಾನಿದ್ದೇನೆ, ಹೋಗಿ ಎತ್ತಿಕೊಳ್ಳೋಣ ಎಂದು ಕಂಬಿ ಹಿಡಿದು ಎದ್ದೆ. ಹಾಳು ಮೊಣಕಾಲು ಏಳಬೇಕಲ್ಲ! ಬಾಗಿಲು ತೆಗಿ ಎಂದು ನಮ್ಮವರು ಕೇಳುವವರಲ್ಲ, ನನಗೆ ಗೊತ್ತು.

ಆಗ ಚಿಲಕ ಸರಿದ ಸದ್ದು ಕೇಳಿತು. ಪೆಟ್ಟಿಗೆ ಇದ್ದದ್ದು ಬಾಗಿಲ ಪಕ್ಕದ ಗೋಡೆಯಲ್ಲೇ.

"ಅಣ್ಣಾ, ಬನ್ನಿ ಒಳಗೆ. ಮಗೂನ ಎತ್ಕೊಳ್ಳಿ. ನಾನು ಕೈ ತೆಗೆಯೋ ಹಾಗಿಲ್ಲ."

ನಾನು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಮುಟ್ಟುವಷ್ಟರಲ್ಲಿ ಅಳು ನಿಂತಿತ್ತು. ಬಾಗಿಲು ಪೂರ್ತಿ ತೆರೆದಿತ್ತು. ಅವಳು ಪ್ಲಗ್ಗನ್ನು ಒತ್ತಿ ಹಿಡಿದು, ರೆಪ್ಪೆ ಬಡಿಯದೆ ಕೆಂಪು ದೀಪವನ್ನೇ ನೋಡುತ್ತಿದ್ದಳು. ನಮ್ಮವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಅವರ ಕಣ್ಣಲ್ಲಿ ನೀರು. ನನ್ನನ್ನು ನೋಡಿ ಮುಖ ಆಚೆ ತಿರುಗಿಸಿದರು.

ದೀಪ ಹಸಿರಾಯಿತು.

"ಆಯ್ತಮ್ಮ, ಕೈ ತೆಗೀಬಹುದು" ಎಂದು ಅವರು ಮಗುವನ್ನು ಅವಳ ಕಡೆ ಚಾಚಿದರು.

ಅವಳು ಕೆಂಪಾಗಿದ್ದ ಅಂಗೈ ಉಜ್ಜಿಕೊಂಡಳು. "ಇರಲಿ ಅಣ್ಣ, ಈಗ ತಾನೇ ಕಣ್ಣು ಮುಚ್ಚುತ್ತಿದೆ, ನಿಮ್ಮ ಹತ್ರಾನೇ ಇರಲಿ" ಎಂದು ಹೇಳಿ, ನನಗೆ ಕುರ್ಚಿ ತರಲು ಒಳಗೆ ಹೋದಳು.