ದೊಡ್ಡಕ್ಕ ಮಡಚಿದ ಚೀಟಿಗಳು

ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಅವಳು ಆಚೆ ಹೋದರೆ ಅನುಮಾನದಕ್ಕ. ಬಟ್ಟೆಯ ಥಾನು ಬಂದರೆ ಮೂರು ಸಲ ಅಳೆಯುವಳು. ಗಿರಾಕಿ ಹೊಗಳಿದರೆ, ಇವನಿಗೇನೋ ಬೇಕಾಗಿದೆ ಎಂದುಕೊಳ್ಳುವಳು. ಇಪ್ಪತ್ತಾರು ವರ್ಷ ಕಿಟಕಿಯ ಪಕ್ಕ ಕೂತು ಹೊಲಿದಿದ್ದಳು. ಮೋಸ ಹೋದದ್ದು ಕಡಿಮೆ, ಗೆಳತಿಯರೂ ಕಡಿಮೆ.

ಕಣ್ಣು ಮಂಜಾದ ಮಾಲೀಕ ಒಂದು ದಿನ ಅಂಗಡಿ ಮುಚ್ಚುತ್ತೇನೆಂದ. ನಾಲ್ಕು ಯಂತ್ರಗಳನ್ನೂ ನಾಲ್ವರು ಕೆಲಸಗಾರರಿಗೇ ಬಿಟ್ಟುಕೊಡುತ್ತೇನೆ, ಹೇಗೆ ಹಂಚಿಕೊಳ್ಳುತ್ತೀರೋ ನೀವೇ ನೋಡಿಕೊಳ್ಳಿ ಎಂದ. ಸುಮ್ಮನೆ ಯಾರು ಕೊಡುತ್ತಾರೆ ಎಂದು ದೊಡ್ಡಕ್ಕ ಯಂತ್ರಗಳ ಕಾಗದ ತರಿಸಿ ಓದಿದಳು. ಎಲ್ಲ ನೆಟ್ಟಗಿತ್ತು. ಅವಳ ಅನುಮಾನ ಇನ್ನಷ್ಟು ಹೆಚ್ಚಿತು.

ಯಂತ್ರಗಳಲ್ಲೊಂದು ಮೋಟಾರಿನದು, ಹೊಚ್ಚ ಹೊಸದು. ಎರಡು ಕಾಲಲ್ಲಿ ತುಳಿಯುವಂಥವು. ನಾಲ್ಕನೆಯದು ಹತ್ತು ಹೊಲಿಗೆಗೊಮ್ಮೆ ದಾರ ಕಡಿಯುತ್ತಿತ್ತು. ಮೋಟಾರಿನದರ ಮೇಲೆ ಎಲ್ಲರಿಗೂ ಕಣ್ಣು.

ಕಾಲರ್ ಹೊಲಿಯುವವನು, ಹೆಚ್ಚು ಕೆಲಸ ಮಾಡಿದವರಿಗೆ ಒಳ್ಳೆಯದು ಸಿಗಬೇಕು ಎಂದ. ದಿನಕ್ಕೆ ಅತಿ ಹೆಚ್ಚು ಅಂಗಿ ಮುಗಿಸುತ್ತಿದ್ದವನು ಅವನೇ. ಗುಂಡಿ ಹಚ್ಚುವವಳು ಗಂಡನನ್ನು ಕಳೆದುಕೊಂಡವಳು. ಇಬ್ಬರು ಮಕ್ಕಳಿರುವ ತನ್ನ ಕಷ್ಟವನ್ನೂ ನೋಡಿ ಎಂದಳು. ಇಲ್ಲವೇ ಅಂಗಡಿಯನ್ನು ಎಲ್ಲರೂ ಸೇರಿ ನಡೆಸೋಣವೆಂದಳು. ಎಲ್ಲರದೂ ಆದರೆ ಎಣ್ಣೆ ಹಾಕುವವರು ಯಾರು ಎಂದು ಕಾಲರಿನವನು ನಕ್ಕ. ನಾಲ್ಕನೆಯ ಕೆಲಸಗಾರ ಮಾಲೀಕನ ಭಾವಮೈದ. ಅವನು, ಸ್ವತ್ತು ಭಾವನದು, ಅವರ ಇಷ್ಟದಂತೆ ಆಗಲಿ ಎಂದ. ಭಾವನ ಇಷ್ಟ ಯಾರ ಕಡೆ ವಾಲುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಎಲ್ಲರ ನ್ಯಾಯವೂ ಸುತ್ತಿ ಬಳಸಿ ಅವರವರ ಮಡಿಲಿಗೇ ಬಂದು ಬೀಳುತ್ತಿದೆಯಲ್ಲ ಎಂದುಕೊಂಡಳು ದೊಡ್ಡಕ್ಕ. ಹಳಬರಿಗೆ ಮೊದಲು ಎನ್ನಲು ಬಾಯಿ ತೆರೆದವಳು, ತನ್ನದೂ ಅದೇ ಕಥೆಯೆಂದು ತಿಳಿದು ತಡೆದಳು.

"ಯಾರಿಗೆ ಯಾವುದು ಅನ್ನೋದು ಆಮೇಲೆ" ಎಂದಳು. "ಕೆಟ್ಟ ಯಂತ್ರ ನಿಮ್ಮ ಪಾಲಿಗೇ ಬರುತ್ತೆ ಅಂತ ಇಟ್ಕೊಳ್ಳಿ. ಆಗ ಏನು ಕೇಳ್ತೀರಿ?"

ಮೊದಲು ಅದನ್ನು ಎಲ್ಲರೂ ಸೇರಿ ರಿಪೇರಿ ಮಾಡಿಸೋಣ ಎಂದವನು ಕಾಲರಿನವನೇ. ಮೋಟಾರಿನದು ಸಿಕ್ಕವರು ಉಳಿದ ಮೂವರಿಗೂ ವಾರಕ್ಕೊಂದೊಂದು ದಿನ ಅದನ್ನು ಕೊಡಲಿ ಎಂದ ಭಾವಮೈದ. ಎಲ್ಲರೂ ಒಪ್ಪಿದರು. ದೊಡ್ಡಕ್ಕ ಕಾಗದ ಹರಿದು, ಬರೆದು, ಮಡಚಿ, ಗುಂಡಿ ಡಬ್ಬದಲ್ಲಿ ಹಾಕಿದಳು. ಚೀಟಿ ತೆಗೆದರು. ಮೋಟಾರಿನದು ಅವಳಿಗೇ ಬಂತು.

ಉಳಿದವರು ಡಬ್ಬದ ಕಡೆ ನೋಡಿದರು. ಕೊನೆಗೆ ಗುಂಡಿಯವಳು ಮೆಲ್ಲಗೆ ಹೇಳಿದಳು: "ನೀವು ಮೋಸ ಮಾಡೋರಲ್ಲ ದೊಡ್ಡಕ್ಕ. ಆದ್ರೂ ಚೀಟಿ ಮಡಚಿದ್ದು ನೀವೇ ಅಲ್ವಾ?"

ದೊಡ್ಡಕ್ಕನ ಮುಖ ಬಿಸಿಯಾಯಿತು. ಮೋಸ ಮಾಡಿರಲಿಲ್ಲ, ಅದನ್ನು ತೋರಿಸುವ ದಾರಿಯೂ ಇರಲಿಲ್ಲ. ತಾನು ಅವಳ ಜಾಗದಲ್ಲಿದ್ದಿದ್ದರೆ ಇಷ್ಟು ಮೆತ್ತಗೂ ಕೇಳುತ್ತಿರಲಿಲ್ಲ. ಚೀಟಿಗಳನ್ನೆಲ್ಲ ಒಟ್ಟುಮಾಡಿ ಅವಳ ಕೈಗಿಟ್ಟಳು.

"ನೀನು ಮಡಚು. ನಾನು ಕೊನೇಲಿ ತೆಗೀತೀನಿ."

ಈ ಸಲ ಮೋಟಾರಿನದು ಕಾಲರಿನವನಿಗೆ ಹೋಯಿತು. ದೊಡ್ಡಕ್ಕನಿಗೆ ಡಬ್ಬದಲ್ಲಿ ಉಳಿದದ್ದು ದಾರ ಕಡಿಯುವ ಯಂತ್ರದ ಚೀಟಿ. ಯಂತ್ರವನ್ನು ಎಲ್ಲರೂ ಸೇರಿ ರಿಪೇರಿ ಮಾಡಿಸಿ ಅವಳ ಮನೆಗೆ ತಲುಪಿಸಿದರು. ಅವಳು ಎರಡು ದಿನ ಹಳೆ ಬಟ್ಟೆಯ ಮೇಲೆ ಓಡಿಸಿ ನೋಡಿದಳು. ದಾರ ಕಡಿಯಲಿಲ್ಲ.

ವಾರ ಕಳೆದ ಮೇಲೆ ಕಾಲರಿನವನು ಮೋಟಾರಿನ ಯಂತ್ರವನ್ನು ಆಟೋದಲ್ಲಿ ಹಾಕಿಕೊಂಡು ಬಂದ. ಕರೆಯದೆ ಯಾಕೆ ಬಂದೆ ಎಂದು ಕೇಳಿದಳು.

"ಇವತ್ತು ನಿಮ್ಮ ದಿನ ಅಲ್ವಾ?"

ಅವಳು ಬಾಗಿಲು ತೆರೆದು ದಾರಿ ಬಿಟ್ಟಳು. ಅವನು ಯಂತ್ರ ಇಳಿಸಿದ ಕೂಡಲೇ, ಅವನೆದುರಿಗೇ ಸೂಜಿ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದಳು. ಅವನು ನೀರು ಕೇಳಿ ಕುಡಿದು, ಅವಳು ನೋಡಿ ಮುಗಿಸುವವರೆಗೂ ಕಾದು ಕೂತ.